ನಾದಿನಿಗೊಂದು ನಾಗರಹಾವು

ಹುಟ್ಟುಹಬ್ಬಕ್ಕೆ ಸೀರೆಯನ್ನೋ ಕೈಗಡಿಯಾರವನ್ನೋ ಕೊಡದೆ, ಆನೆಯನ್ನು ಮೀಯಿಸುವ ಒಂದು ಬೆಳಗನ್ನು, ಸಫಾರಿಯ ಒಂದು ಸೀಟನ್ನು, ಅಥವಾ ಮೃಗಾಲಯದ ಪ್ರಾಣಿಯೊಂದರ ಒಂದು ವರ್ಷದ ದತ್ತುಪತ್ರವನ್ನು ಕೊಡುವುದಕ್ಕೆ ಅನುಭವ ಉಡುಗೊರೆ ಎಂಬ ಹೆಸರಿದೆ. ಇಂಥ ಉಡುಗೊರೆಯನ್ನು ಕೊಟ್ಟಲ್ಲದೆ ಸಮಾಧಾನವಿಲ್ಲದ ಮನುಷ್ಯನನ್ನು ಅನುಭವದಾತ ಎನ್ನಬಹುದು. ಈತ ಹೇರಳವಾಗಿ ಕಂಡುಬರುವುದು ಇಂದಿರಾನಗರದ ನೂರಡಿ ರಸ್ತೆಯ ಎರಡೂ ಮಗ್ಗುಲಿನ ಅಡ್ಡರಸ್ತೆಗಳಲ್ಲಿ. ಹಲಸೂರು ಕೆರೆಯ ಹೊತ್ತಿಗೆ ವಿರಳನಾಗಿ, ಶಿವಾಜಿನಗರ ಮುಟ್ಟುವಷ್ಟರಲ್ಲಿ ಪೂರ್ತಿ ಮಾಯವಾಗುತ್ತಾನೆ. ರಸೆಲ್ ಮಾರ್ಕೆಟ್ಟಿನ ಸುತ್ತ ಕುರಿ, ಕೋಳಿ, ಮೀನುಗಳ ನಡುವೆಯೇ ಬೆಳಗು ಬೈಗು ಕಳೆಯುವವರಿಗೆ ಪ್ರಾಣಿಯ ಅನುಭವವನ್ನು ದುಡ್ಡು ಕೊಟ್ಟು ಪಡೆಯಬೇಕೆಂಬ ಯೋಚನೆ ಹೊಳೆಯದಿರುವುದು ಸಹಜವೇ ಆಗಿದೆ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವೆ ಮೆಟ್ರೊ ಓಡತೊಡಗಿದ ಮೇಲೆ ಈ ಜಾತಿ ಪೂರ್ವದ ಅಪಾರ್ಟ್‌ಮೆಂಟುಗಳಿಗೂ ಹಬ್ಬಿರುವಂತೆ ತೋರುತ್ತದೆ.

ಅನುಭವದಾತನ ಪ್ರಾಣಿಪ್ರೇಮಕ್ಕೆ ಒಂದು ನಿಯಮವಿದೆ: ಪ್ರಾಣಿ ತನ್ನ ಮನೆಯಿಂದ ದೂರವಿದ್ದಷ್ಟೂ ಅದರ ಮೇಲಿನ ಅಕ್ಕರೆ ಹೆಚ್ಚುತ್ತದೆ. ಕೀನ್ಯಾದ ಜಿರಾಫೆಯ ಮಾತು ಬಂದರೆ ಈತನ ಕಣ್ಣು ತೇವವಾಗುತ್ತದೆ, ಬನ್ನೇರುಘಟ್ಟದ ಹುಲಿ ನೆನಪಾದರೆ ದನಿ ಮೆತ್ತಗಾಗುತ್ತದೆ. ಆದರೆ ತನ್ನದೇ ಕಟ್ಟಡದ ಮೆಟ್ಟಿಲ ಕೆಳಗೆ ಮಳೆಗೆ ಮುದುರಿ ಮಲಗಿದ ಕಂದು ನಾಯಿಯನ್ನು ಕಂಡಾಗ ಮಾತ್ರ, ಅದರ ಕಿವಿಯ ತುದಿಯಲ್ಲಿ ಕಚ್ಚು ಇದ್ದು, ಅಂದರೆ ಸಂತಾನಹರಣ ಚಿಕಿತ್ಸೆಯಾಗಿರುವ ನಾಯಿಯೆಂಬ ಗುರುತು ಇದ್ದು, ಅದು ಯಾರ ತಂಟೆಗೂ ಹೋಗದಿದ್ದರೂ, "ಇದನ್ನ ಯಾರ್ರೀ ಒಳಗೆ ಬಿಟ್ಟಿದ್ದು?" ಎಂದು ವಾಚ್‌ಮನ್ನನನ್ನು ಗದರಿಕೊಳ್ಳುತ್ತಾನೆ.

ದತ್ತು ಯೋಜನೆ ಈತನಿಗೆಂದೇ ಹುಟ್ಟಿಕೊಂಡಂತಿದೆ. 1892ರಲ್ಲಿ ಆರಂಭವಾದ ಮೈಸೂರು ಮೃಗಾಲಯವೂ ಬನ್ನೇರುಘಟ್ಟದ ಉದ್ಯಾನವೂ ಸೇರಿದಂತೆ ರಾಜ್ಯದ ಮೃಗಾಲಯಗಳನ್ನು ಕರ್ನಾಟಕ ಮೃಗಾಲಯ ಪ್ರಾಧಿಕಾರ ನೋಡಿಕೊಳ್ಳುತ್ತದೆ. ಅಲ್ಲಿನ ಯಾವುದಾದರೂ ಪ್ರಾಣಿಯ ಮೇವಿಗೂ ಆರೈಕೆಗೂ ಗೊತ್ತಾದ ಮೊತ್ತ ಕಟ್ಟಿದವರಿಗೆ ಪ್ರಮಾಣಪತ್ರ ಸಿಗುತ್ತದೆ, ಹೆಸರು ಫಲಕವೇರುತ್ತದೆ, ಪ್ರಾಣಿ ಇದ್ದಲ್ಲಿಯೇ ಇರುತ್ತದೆ. ಯೋಜನೆ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಕೋವಿಡ್ಡಿನಿಂದ ಮೃಗಾಲಯಗಳ ಬಾಗಿಲು ಮುಚ್ಚಿ ಟಿಕೆಟ್ಟಿನ ಆದಾಯ ನಿಂತಿದ್ದ 2021ರಲ್ಲಿ ನಟ ದರ್ಶನ್ ಮನವಿ ಮಾಡಿಕೊಂಡಾಗ ನಾಡಿನ ಸಾಮಾನ್ಯ ಜನ ಮುಗಿಬಿದ್ದು ದತ್ತು ಪಡೆದದ್ದುಂಟು. ಅನುಭವದಾತನನ್ನು ಸೆಳೆಯುವುದು ಮಾತ್ರ ಆ ಕೊನೆಯ ಅಂಶ, ಎಂದರೆ ಪ್ರಾಣಿ ಇದ್ದಲ್ಲಿಯೇ ಇರುತ್ತದೆ ಎಂಬುದು.

ಈತನ ಸಂಕಲ್ಪ ಯಾವಾಗಲೂ ಆನೆಯಿಂದ ಆರಂಭವಾಗುತ್ತದೆ. ಆನೆಯ ವರ್ಷದ ಮೊತ್ತ ಲಕ್ಷ ದಾಟುವುದು ತಿಳಿದ ಕೂಡಲೇ ಹುಲಿಗೆ ಇಳಿದು, ಹುಲಿಯಿಂದ ಚಿರತೆಗೆ, ಚಿರತೆಯಿಂದ ಜಿಂಕೆಗೆ ಜಾರಿ, ಕಡೆಗೆ ದರಪಟ್ಟಿಯ ಬುಡದಲ್ಲಿ ಹಾವುಗಳ ಸಾಲಿಗೆ ಬಂದು ನಿಲ್ಲುತ್ತದೆ. ಹೀಗಾಗಿ ಬ್ಯಾಂಕಿನಲ್ಲಿ ಕೆಲಸ ಮಾಡುವ ನಾದಿನಿಯ ನಲವತ್ತನೆಯ ಹುಟ್ಟುಹಬ್ಬಕ್ಕೆ, ಅವಳ ಹೆಸರಿನಲ್ಲಿ ದತ್ತಾದ ನಾಗರಹಾವಿನ ಪ್ರಮಾಣಪತ್ರ ಚೌಕಟ್ಟು ಹಾಕಿಸಿಕೊಂಡು ಮನೆಗೆ ಬರುತ್ತದೆ. "ಅಲ್ಲ ಭಾವ, ಅಷ್ಟೊಂದು ಪ್ರಾಣಿ ಇದ್ದಾವೆ, ನನ್ನ ನೋಡಿದ್ರೆ ನಿಮಗೆ ಹಾವೇ ನೆನಪಾಯ್ತಾ?" ಎಂದು ಅವಳು ಕೇಳುವುದಕ್ಕೂ, "ಅಳಿಯಂದಿರೇ, ನಾಗರಪಂಚಮಿಗೆ ತನಿ ಎರೆಯೋಕೆ ಇನ್ಮೇಲೆ ಮೈಸೂರಿಗೇ ಹೋಗಬೇಕಾ?" ಎಂದು ಅತ್ತೆ ಮುಗ್ಧವಾಗಿ ವಿಚಾರಿಸುವುದಕ್ಕೂ ಈತನ ಬಳಿ ಉತ್ತರವಿರುವುದಿಲ್ಲ. ಹಾವು ನಾದಿನಿಯದಾದರೂ ರಸೀದಿ ಮಾತ್ರ ದಾತನ ಹೆಸರಿನಲ್ಲೇ ಇರುತ್ತದೆ. ಇಂಥ ದಾನಕ್ಕೆ ಆದಾಯ ತೆರಿಗೆಯಲ್ಲಿ ಕೊಡುವ 80ಜಿ ವಿನಾಯಿತಿ ಹೊಸ ತೆರಿಗೆ ಪದ್ಧತಿಯಲ್ಲಿ ದೊರೆಯದ ಕಾರಣ, ಈತ ಇನ್ನೂ ಹಳೆಯ ಪದ್ಧತಿಯನ್ನೇ ಹಿಡಿದುಕೊಂಡಿರುತ್ತಾನೆ.

ಪಡೆದವರ ಪಾಡು ಬೇರೆ. ಹುಟ್ಟಿದ ದಿನವೇ ಸಫಾರಿಗೆ ಹೋಗಬೇಕೆಂಬುದು ದಾತನ ಹಟ. ಆ ದಿನ ಮಂಗಳವಾರವಾಗಿದ್ದರೆ ಬನ್ನೇರುಘಟ್ಟಕ್ಕೂ ಮೈಸೂರು ಮೃಗಾಲಯಕ್ಕೂ ವಾರದ ರಜೆ ಎಂಬುದು, ಕುಟುಂಬವಿಡೀ ಸಿಲ್ಕ್ ಬೋರ್ಡಿನ ಟ್ರಾಫಿಕ್ಕನ್ನು ದಾಟಿ ಮುಚ್ಚಿದ ಗೇಟಿನ ಮುಂದೆ ನಿಂತಾಗ ಗೊತ್ತಾಗುತ್ತದೆ.

ಉಡುಗೊರೆ ಆನೆಯನ್ನು ಮೀಯಿಸುವ ಬೆಳಗಾದರೆ, ದುಬಾರೆಯ ಪ್ರಯಾಣಕ್ಕೆ ದಾತನೂ ಜೊತೆಗೆ ಹೊರಡುತ್ತಾನೆ. ಕೊಡಗಿನ ಕುಶಾಲನಗರದ ಸಮೀಪ ಕಾವೇರಿಯ ಆಚೆ ದಡದಲ್ಲಿರುವ ಈ ಸಾಕಾನೆ ಶಿಬಿರ ಅರಣ್ಯ ಇಲಾಖೆಯದು. ಮೈಸೂರು ದಸರೆಗೆ ಇಲ್ಲಿಂದಲೂ ಆನೆಗಳು ಹೋಗುತ್ತವೆ. ಟಿಕೆಟ್ ಕೊಂಡ ಪ್ರವಾಸಿಗರು ಆನೆಯ ಮೈ ತೊಳೆಯುವುದರಲ್ಲಿ ಕೈಜೋಡಿಸುವ ರೂಢಿ ಪ್ರಸಿದ್ಧವಾದದ್ದು ಇಲ್ಲಿಯೇ. ಆನೆ ನೀರಿನಲ್ಲಿ ಮಗ್ಗುಲಾಗಿ ಒರಗುತ್ತದೆ. ಮಾವುತನೂ ಕಾವಾಡಿಯೂ, ಕಾವಾಡಿ ಎಂದರೆ ಮಾವುತನಿಗೆ ನೆರವಾಗಿ ಮೇವು, ಮೀಯಿಸುವಿಕೆಗಳನ್ನು ನೋಡಿಕೊಳ್ಳುವವನು, ಕಿವಿಯ ಹಿಂದಿನ ಮಡಿಕೆಯನ್ನೂ ಉಗುರಿನ ಸಂದನ್ನೂ ಬಿಡದೆ ತಿಕ್ಕುತ್ತಾರೆ. ಇವರಲ್ಲಿ ಅನೇಕರು ತಲೆಮಾರುಗಳಿಂದ ಆನೆಯೊಂದಿಗೇ ಬದುಕಿದ ಜೇನುಕುರುಬರು. ಅನುಭವದಾತ ಮಂಡಿಯವರೆಗೆ ಪ್ಯಾಂಟು ಮಡಿಸಿಕೊಂಡು, ಆನೆಯ ಚರ್ಮದ ಆರೈಕೆಯ ವಿಷಯವಾಗಿ ತಾನು ನೋಡಿದ ಸಾಕ್ಷ್ಯಚಿತ್ರವೊಂದರ ಸಾರಾಂಶವನ್ನು ಕಾವಾಡಿಗೆ ವಿವರಿಸುತ್ತಾನೆ. "ಆಯ್ತು ಸಾರ್, ಸ್ವಲ್ಪ ಬಾಲದ ಕಡೆಯಿಂದ ಈಚೆಗೆ ಬನ್ನಿ" ಎನ್ನುವುದು ಆತನ ಉತ್ತರ. ಆಮೇಲೆ ಬಂಧುಗಳ ಮೊಬೈಲಿಗೆಲ್ಲ ತಲುಪುವ ಪಟದಲ್ಲಿ ಕಾವಾಡಿಯನ್ನು ಕತ್ತರಿಸಿ ತೆಗೆದಿರುತ್ತದೆಯಾದರೂ, ಆನೆಯ ಕಿವಿಯನ್ನು ಹಿಡಿದ ಅವನ ಮೂರು ಬೆರಳು ಮಾತ್ರ ಅಂಚಿನಲ್ಲಿ ಉಳಿದುಬಿಟ್ಟಿರುತ್ತವೆ.

ಕಾನೂನಿನಲ್ಲಿ ಈತ ಪಂಡಿತ. ನಮ್ಮ ಕಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೆಂಬುದು ನಿಜ. ಅದನ್ನು ತಿಳಿದವರು ಹೇಳುವುದೂ ಸರಿಯೇ. ಆದರೆ ಶಿವಾಜಿನಗರದಲ್ಲಿ ಆಟೋ ನಿಲ್ಲಿಸಿ ಈತ ಮಾಡುವ ಕಾಯ್ದೆಯ ಪಾರಾಯಣವನ್ನು ಸಾಕುಹಕ್ಕಿ ಮಾರುವವನು ಕೊನೆಯವರೆಗೂ ಕೇಳಿಸಿಕೊಂಡು, ಊರವರೆಲ್ಲ ಲವ್ ಬರ್ಡ್ಸ್ ಎನ್ನುವ ಬಡ್ಜಿಗಳನ್ನು ತೋರಿಸಿ, "ಇವು ಆಸ್ಟ್ರೇಲಿಯಾದವು ಸಾರ್, ಜೋಡಿ ಕೊಡಲಾ?" ಎಂದುಬಿಡುತ್ತಾನೆ. ಆಸ್ಟ್ರೇಲಿಯಾ ದೂರದ ದೇಶವಾದ್ದರಿಂದ ಅನುಭವದಾತ ಒಂದು ಕ್ಷಣ ಕರಗುತ್ತಾನೆ.

ಬೆಂಗಳೂರಿನಲ್ಲಿ ಪ್ರಾಣಿಗಳೊಡನೆ ಇರುವುದಕ್ಕೆ ಚಿಕ್ಕಾಸೂ ಬೇಡದ ದಾರಿಗಳೂ ಇವೆ. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ 1991ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಇಲ್ಲಿ ಸ್ಥಾಪಿಸಿದ ಕ್ಯುಪಾ ಸಂಸ್ಥೆಯಂಥ ಕಡೆ ಸ್ವಯಂಸೇವಕರಿಗೆ ಕೆಲಸಕ್ಕೆ ಬರವಿಲ್ಲ. ಗೂಡು ತೊಳೆಯುವುದು, ಗಾಯಗೊಂಡ ನಾಯಿಗೆ ಅನ್ನ ಕಲಸಿ ಉಣ್ಣಿಸುವುದು ಖಂಡಿತವಾಗಿಯೂ ಪ್ರಾಣಿಯ ಅನುಭವವೇ. ಆದರೆ ಬೆಲೆಯ ಚೀಟಿ ಇಲ್ಲದ್ದನ್ನು ಉಡುಗೊರೆಯೆಂದು ಕೊಡುವುದು ಹೇಗೆಂಬುದು ಈತನ ತೊಡಕು.

ನಾದಿನಿಗೆ ಆ ತೊಡಕಿರುವುದಿಲ್ಲ. ಹಾವಿನ ಋಣವನ್ನು ಮರೆಯದ ಆಕೆ ಭಾವನ ಅರುವತ್ತರ ಶಾಂತಿಯ ದಿನ, ಪುರೋಹಿತರು ಇನ್ನೂ ಎಲೆಯ ಮುಂದೆ ಕುಳಿತಿರುವಾಗಲೇ, ಆಶ್ರಯಧಾಮವೊಂದರಿಂದ ತಂದ ಎರಡು ತಿಂಗಳ ಬೀದಿನಾಯಿಯ ಮರಿಯನ್ನು ಬುಟ್ಟಿಸಮೇತ ಅವನ ತೊಡೆಯ ಮೇಲಿಡುತ್ತಾಳೆ. "ಇದೂ ಅನುಭವವೇ ಭಾವ, ಹದಿನೈದು ವರ್ಷದ್ದು" ಎಂದು ಸೇರಿಸುತ್ತಾಳೆ. ಮರಿ ರೇಷ್ಮೆ ಪಂಚೆಯ ಅಂಚನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ನೆರೆದವರು ಚಪ್ಪಾಳೆ ತಟ್ಟುತ್ತಾರೆ. ಅನುಭವದಾತ ನಗುನಗುತ್ತಲೇ ಎದ್ದು ಬಾಲ್ಕನಿಗೆ ಹೋಗಿ ಆಶ್ರಯಧಾಮಕ್ಕೆ ಫೋನು ಮಾಡಿ, ವರ್ಷದ ಮೊತ್ತ ಎಷ್ಟಾದರೂ ಕಟ್ಟುವುದಾಗಿ ಹೇಳಿ, ಮರಿಯನ್ನು ಅಲ್ಲೇ ಇಟ್ಟುಕೊಂಡು ಫಲಕದಲ್ಲಿ ತನ್ನ ಹೆಸರು ಬರೆಸಲು ಸಾಧ್ಯವೇ ಎಂದು ವಿಚಾರಿಸುತ್ತಾನೆ.