ಹರಿಣಪಾಕ ಮೀಮಾಂಸೆ (ಕುಕ್ಕರ್ ಕೂಗಿನ ಪ್ರಕರಣ ಸಹಿತ)

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕು. ವಿಷಯ: ಜಿಂಕೆ ಮಾಂಸವನ್ನು ಮನೆಯಲ್ಲಿ ಬೇಯಿಸುವುದು. ಪ್ರಯೋಜನ: ಉಣ್ಣುವುದು. ಸಂಬಂಧ: ಮಾಂಸಕ್ಕೂ ಮಸಾಲೆಗೂ ಇರುವಂಥದ್ದು. ಅಧಿಕಾರಿಯ ವಿಚಾರಕ್ಕೆ ಬಂದಾಗ ಮಾತ್ರ ಅರಣ್ಯ ಇಲಾಖೆಯ ಜೀಪು ಕಣ್ಣಮುಂದೆ ಬಂದು ನಿಲ್ಲುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ, ಕಾಡುಕುರಿಗಳ ಬೇಟೆ ಅಪರಾಧ. ಅದರ 39ನೇ ಕಲಮಿನಂತೆ ತಾನಾಗಿ ಸತ್ತು ಸಿಕ್ಕಿದ ಪ್ರಾಣಿಯೂ ಸರ್ಕಾರದ ಸ್ವತ್ತು, ಅದರ ಮಾಂಸವೂ ಸರ್ಕಾರದ ಸ್ವತ್ತು. ಸಿಕ್ಕಿದವನು 48 ಗಂಟೆಯೊಳಗೆ ವರದಿ ಒಪ್ಪಿಸಬೇಕು. ಇಲ್ಲಿ ಪೂರ್ವಪಕ್ಷಿ ಎದ್ದು, ಬೇಯುವುದಕ್ಕೆ ಎರಡು ಗಂಟೆ ಸಾಕು, ಮಿಕ್ಕ 46 ಗಂಟೆ ವರದಿಗೆ ಉಳಿಯುತ್ತದಲ್ಲ ಎನ್ನುತ್ತಾನೆ. ತರ್ಕ ಚೊಕ್ಕಟವಾಗಿದೆ, ಆದರೆ ಠಾಣೆಯಲ್ಲಿ ನಿಲ್ಲದು.

ಆದ್ದರಿಂದ ಈ ಗ್ರಂಥದ ಅಧಿಕಾರಿ ಆಕ್ಲೆಂಡಿನ ಕನ್ನಡಿಗ. ನ್ಯೂಜಿಲೆಂಡಿಗೆ ಸ್ವಂತ ಜಿಂಕೆಯೇ ಇರಲಿಲ್ಲ. ಶಿಕಾರಿಯ ಚಪಲಕ್ಕೆ 19ನೇ ಶತಮಾನದಲ್ಲಿ ಬ್ರಿಟನ್ನಿನಿಂದ ಕೆಂಪು ಜಿಂಕೆ ತಂದು ಬಿಟ್ಟರು, ಅವು ಬೆಳೆದು ಕಾಡಿಗೇ ಪೀಡೆಯಾದವು. 1969ರಲ್ಲಿ ಸಾಕಲು ಕಾನೂನಿನ ದಾರಿಯಾಯಿತು. ಈಗ ಅಲ್ಲಿ ಜಿಂಕೆ ಮಾಂಸ ಅಂಗಡಿಯ ಸರಕು.

ಇನ್ನು ಪ್ರಮಾಣಗ್ರಂಥಗಳು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಕಾಡುಹಂದಿ, ಆಮೆ, ಗದ್ದೆಯ ಇಲಿಯವರೆಗೆ ಪಾಕ ಹೇಳಿದ್ದಾನೆ, ಆದರೆ ಆಕ್ಲೆಂಡಿನ ಅಡುಗೆಮನೆಗೆ ಇಲಿಯ ಅಧ್ಯಾಯ ಉಪಯೋಗಕ್ಕೆ ಬಾರದು. ಕನ್ನಡದಲ್ಲೇ ಬರೆದ ‘ಸೂಪಶಾಸ್ತ್ರ’ದ ಮಂಗರಸ ಜೈನ. ಬದನೆ, ಹಲಸಿನಲ್ಲೇ ಮೈಮರೆತಿದ್ದಾನೆ, ಜಿಂಕೆಯ ಸುದ್ದಿಗೆ ಹೋಗುವುದಿಲ್ಲ.

ಪಾಕದಲ್ಲಿ ಎರಡು ಪಂಥ. ಕುಕ್ಕರ್ ಪಂಥದವರ ಮತದಲ್ಲಿ ಮಾಂಸಮಾತ್ರಕ್ಕೂ ಆರು ಕೂಗೇ ಗತಿ. ಏಳನೆಯದು ಅತ್ತೆ ಮನೆಯಲ್ಲಿದ್ದರೆ. ಈ ಮತ ಭುಜ, ಕಾಲಿನ ಮಾಂಸಕ್ಕೆ ಸಲ್ಲುತ್ತದೆ: ಅಲ್ಲಿ ನಾರು ಹೆಚ್ಚು, ಹೊತ್ತು ಕೊಟ್ಟು ಬೇಯಿಸಿದರೆ ಕರಗಿ ಸಾರು ಅಂಟಂಟಾಗುತ್ತದೆ. ಬೆನ್ನಿನ ಮಾಂಸಕ್ಕೆ ಹಾಗೆ ಮಾಡಿದರೆ ಮುಗಿಯಿತು. ಜಿಂಕೆಯಲ್ಲಿ ಕೊಬ್ಬೇ ಕಡಿಮೆ, ಆರು ಕೂಗಿನ ನಂತರ ಒಳಗಿರುವುದು ಚಪ್ಪಲಿಯ ಅಟ್ಟೆ. ಅದಕ್ಕೆ ಅರೆಬೆಂದ ಪಂಥವೇ ಸರಿ. ಮೊದಲು ಮೇಲಿನ ಬೆಳ್ಳಿಬಣ್ಣದ ಪೊರೆಯ ಕೆಳಗೆ ಚಾಕುವಿನ ತುದಿ ತೂರಿಸಿ, ಎಡಗೈಯಲ್ಲಿ ಪೊರೆ ಬಿಗಿಹಿಡಿದು ಚಾಕುವನ್ನು ಜಾರಿಸುತ್ತ ಸುಲಿಯಬೇಕು. ಉಳಿದರೆ ಅದು ಬಾಣಲೆಯಲ್ಲಿ ಸೆಟೆದು ತುಂಡನ್ನೇ ಮುದುರಿಸುತ್ತದೆ. ಆಮೇಲೆ ಉಪ್ಪು, ಕಾಳುಮೆಣಸು, ಕೆಂಡದಂತೆ ಕಾದ ಕಾವಲಿ, ಒಂದೊಂದು ಮಗ್ಗುಲಿಗೆ ಕೆಲವೇ ನಿಮಿಷ. ಅಮೆರಿಕದ ಕೃಷಿ ಇಲಾಖೆ ಒಳಗಿನ ಶಾಖ 63 ಡಿಗ್ರಿ ಸೆಲ್ಸಿಯಸ್ ಮುಟ್ಟಲಿ, ಮೂರು ನಿಮಿಷ ಬಿಟ್ಟು ಕೊಯ್ಯಿ ಎನ್ನುತ್ತದೆ. ಖೈಮಾ ಆದರೆ 71. ತಟ್ಟೆಯನ್ನೂ ಬಿಸಿ ಮಾಡಿಡಿ. ಜಿಂಕೆಯ ಕೊಬ್ಬು ಆರಿತೆಂದರೆ ಮೇಣವಾಗಿ ಅಂಗುಳಿಗೆ ಅಂಟುತ್ತದೆ.

ಭುಜದ ಮಾಂಸದ ಸಾರಿಗೆ ಹುಳಿ ಯಾವುದು ಎಂಬಲ್ಲಿ ಕೊಡಗಿನ ಮತವೇ ಪ್ರಬಲ. ಹಂದಿಗೆ ಹಾಕುವ ಕಪ್ಪು ಕಾಚಂಪುಳಿಯನ್ನೇ ಕೊನೆಯಲ್ಲಿ ಒಂದು ಚಮಚ ಬಿಟ್ಟು ಕುದಿಸುವುದು. ಆದರೆ ಊರಿನಿಂದ ಆ ಬಾಟಲಿಯನ್ನು ಸೂಟ್‌ಕೇಸಿನಲ್ಲಿ ಒಯ್ಯುವವರು ಆಕ್ಲೆಂಡಿನ ವಿಮಾನ ನಿಲ್ದಾಣದಲ್ಲಿ ಹೇಳಿಕೊಳ್ಳದಿದ್ದರೆ 400 ನ್ಯೂಜಿಲೆಂಡ್ ಡಾಲರ್ ದಂಡ. ಜಿಂಕೆ ಮಾಂಸ ಕೊಂಡವನನ್ನು ಕೇಳದ ದೇಶ ಹುಳಿ ತಂದವನನ್ನು ತಡೆಯುತ್ತದೆ.

ಕರ್ನಾಟಕದ ಓದುಗರು ನಿರಾಶರಾಗಬೇಕಿಲ್ಲ. ಭುಜದ ಮಾಂಸಕ್ಕೆ ಹೇಳಿದ ವಿಧಿಯನ್ನೆಲ್ಲ ಕುರಿಯ ಮೇಲೆ ಪ್ರಯೋಗಿಸಬಹುದು, ಅದಕ್ಕೆ 39ನೇ ಕಲಂ ತಗುಲುವುದಿಲ್ಲ. ಕೂಗು ಮಾತ್ರ ಆರಕ್ಕೇ ನಿಲ್ಲಿಸಿ, ಅತ್ತೆ ಏನೇ ಹೇಳಲಿ.