ಉಲ್ಲೇಖಪ್ಪ

ಆದವಾನಿಯ ಹತ್ತಿ ಮಾರ್ಕೆಟ್ಟಿನಲ್ಲಿ, ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವ ಈ ಮಹಾಶಯರಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಊರವರು ಕರೆಯುವುದು ಉಲ್ಲೇಖಪ್ಪ ಅಂತ. ಹಗಲೆಲ್ಲ ತೂಕದ ಚೀಟಿ ಇಲ್ಲದೆ ಒಂದು ಚೀಲ ಹತ್ತಿಯನ್ನೂ ನಂಬದ ಮನುಷ್ಯ, ರಾತ್ರಿ ಊಟ ಮುಗಿಸಿ ಕನ್ನಡ ವಿಕಿಪೀಡಿಯ ತೆರೆದು ಕೂತರೆ ಅಲ್ಲೂ ಅದೇ ಬುದ್ಧಿ. ಯಾವನೋ ಬಡಪಾಯಿ ಊರಿನ ಅಭಿಮಾನಕ್ಕೆ ನಾಲ್ಕು ಸಾಲು ಬರೆದಿರುತ್ತಾನೆ. ಇವರು ಪ್ರತಿ ಸಾಲಿನ ಬಾಲಕ್ಕೂ 'ಸೂಕ್ತ ಉಲ್ಲೇಖನ ಬೇಕು' ಎಂಬ ಚೀಟಿ ಕಟ್ಟಿ ಮಲಗುತ್ತಾರೆ. ಆಮೇಲೆ ಒಳ್ಳೇ ನಿದ್ದೆ ಬರುತ್ತದಂತೆ. ಇದು ಮನೆಯವರ ಹೇಳಿಕೆ. ಸ್ವತಂತ್ರ ಮೂಲಗಳಿಂದ ದೃಢಪಟ್ಟಿಲ್ಲ.

ಇಂಥವರು ಎಲ್ಲ ಊರಲ್ಲೂ ಇರುತ್ತಾರೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗನ ಸಂಬಳ ಹೇಳಿದ ಕೂಡಲೇ 'ಯಾರು ಹೇಳಿದ್ದು?' ಅನ್ನುವವರು. ಆದರೆ ಆದವಾನಿಯಲ್ಲಿ ಹುಟ್ಟಿದ್ದು ನಮ್ಮವರ ಪಾಲಿಗೆ ದಿನಾ ಹಬ್ಬ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿ ಬಳ್ಳಾರಿ ಮೈಸೂರಿಗೆ ಸೇರಿದಾಗ, ಅದೇ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಜನ ಇದ್ದಲ್ಲೇ ಇದ್ದರು, ಕಾಗದಪತ್ರ ದಿಕ್ಕಾಪಾಲಾಯಿತು. ಊರಿನ ಹಳೇ ಸಂಗತಿ ಬೇಕೆಂದರೆ 1872ರಲ್ಲಿ ಜಾನ್ ಕೆಲ್ಸಾಲ್ ಬರೆದ ಬಳ್ಳಾರಿ ಮ್ಯಾನ್ಯುಯಲ್, 1904ರ ಡಬ್ಲ್ಯೂ. ಫ್ರಾನ್ಸಿಸ್‌ನ ಬಳ್ಳಾರಿ ಗೆಜೆಟಿಯರ್, ಎರಡೂ ಇಂಗ್ಲಿಷಿನವು. ಇವತ್ತಿನ ಸುದ್ದಿ ತೆಲುಗು ಪೇಪರಿನಲ್ಲಿ. ಅಜ್ಜಿ ಹೇಳಿದ ಕಥೆ ಕನ್ನಡದಲ್ಲಿ. ಇಷ್ಟರಲ್ಲಿ ಅಜ್ಜಿಯ ಕಥೆಯೇ ಚೆಂದ. ಅದೊಂದನ್ನೇ ಇವರು ಒಪ್ಪುವುದಿಲ್ಲ.

ಅಜ್ಜಿಯಿರಲಿ, ಹೆತ್ತ ತಂದೆಯನ್ನೂ ಬಿಟ್ಟಿಲ್ಲ.

"ಬಳ್ಳಾರಿ ಜಿಲ್ಲೆ ಹೋಗಿ ಆಂಧ್ರ ಆಗಿದ್ದು ನಾನೇ ಕಣ್ಣಾರೆ ಕಂಡೀನೋ."

"ನೀನು ಕಂಡಿದ್ದು ನಡೆಯಂಗಿಲ್ಲಪ್ಪ. ಬೇರೆ ಯಾರಾದ್ರೂ ನಿನ್ನನ್ನ ಕೇಳಿ ಬರೆದು, ಅಚ್ಚು ಹಾಕಿಸಿರಬೇಕು."

ಮುದುಕರು ಅವತ್ತಿನಿಂದ ಮಗನ ಜೊತೆ ಮಳೆ ಬಿಸಿಲಿನ ಮಾತು ಬಿಟ್ಟು ಬೇರೇನೂ ಆಡುವುದಿಲ್ಲ. ಮಳೆ ಬರ್ತೈತೆ ಅಂದರೂ ಮಗರಾಯ ಅಂಗಳಕ್ಕೆ ಹೋಗದೆ ಮೊಬೈಲು ತೆಗೆಯುತ್ತಾರೆ.

ಇವರನ್ನು ನಿಜವಾಗಿ ನೋಡಬೇಕಾದರೆ ಮಂತ್ರಾಲಯದ ದರ್ಶನದ ಸಾಲಿನಲ್ಲಿ ನೋಡಬೇಕು. ರಾಯರ ಭಕ್ತರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಮುಂದೆ ನಿಂತ ಯಜಮಾನರು ಥಾಮಸ್ ಮನ್ರೋನ ಕಥೆ ತೆಗೆಯುತ್ತಾರೆ. ಜಮೀನಿನ ವಿಚಾರಣೆಗೆ ಬಂದ ಕಲೆಕ್ಟರ್ ಸಾಹೇಬನಿಗೆ ರಾಯರು ಬೃಂದಾವನದೊಳಗಿಂದ ಎದ್ದು ಬಂದು ಮಾತಾಡಿದರು, ಪಕ್ಕದಲ್ಲಿದ್ದವರಿಗೆ ಯಾರೂ ಕಾಣಲಿಲ್ಲ ಎಂಬ ಕಥೆ. ಜೊತೆಗೇ ರೂಢಿಯಂತೆ ಒಂದು ಮಾತು: "ಮದ್ರಾಸ್ ಗೆಜೆಟ್ಟಿನಾಗೆ ಐತೆ. ಅಧ್ಯಾಯ 11, ಪುಟ 213."

ಉಲ್ಲೇಖಪ್ಪನವರ ಕಿವಿ ನೆಟ್ಟಗಾಗುತ್ತದೆ.

"ಗೆಜೆಟ್ಟೋ, ಗೆಜೆಟಿಯರ್ರೋ? ಗೆಜೆಟ್ಟಂದ್ರೆ ಸರ್ಕಾರದ ಆರ್ಡರ್ ಹಾಕೋ ಪತ್ರಿಕೆ, ಅದಕ್ಕೆ ಅಧ್ಯಾಯ ಎಲ್ಲಿಂದ ಬಂತ್ರೀ? ಗೆಜೆಟಿಯರ್ ಆದ್ರೆ ಯಾವ ಜಿಲ್ಲೇದು? ಯಾವ ಇಸವಿ?"

"ಅಧ್ಯಾಯ ಹೇಳೀನಿ, ಪುಟ ಹೇಳೀನಿ. ಇನ್ನೇನು ಬೇಕು ನಿಮಗೆ?"

"ಪುಸ್ತಕ."

ಯಜಮಾನರು ಒಂದು ಗಳಿಗೆ ತಡೆದು, "ರಾಯರು 1671ರಿಂದ ಒಳಗೇ ಅದಾರೆ, ನಿಮ್ಮ ಪಾಳಿ ಬಂದಾಗ ಅವರನ್ನೇ ಕೇಳ್ರಿ" ಎಂದು ಬೆನ್ನು ತಿರುಗಿಸಿದರು. ಹಿಂದಿನವರೆಲ್ಲ ನಕ್ಕರು. ಮಜಾ ಏನೆಂದರೆ, ನಕ್ಕವರಲ್ಲಿ ಒಬ್ಬರಾದರೂ ಆ 213ನೇ ಪುಟ ತಿರುವಿ ನೋಡಿದಂತೆ ಕಾಣಲಿಲ್ಲ. ಈ ಆಸಾಮಿಯ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಕೇಳುವ ಹೊತ್ತು ಸರಿಯಿರುವುದಿಲ್ಲ, ಕೇಳಿದ್ದು ಸರಿಯಿರುತ್ತದೆ.

'ಆದವಾನಿಗೆ ಎರಡನೇ ಮುಂಬಯಿ ಎಂದು ಹೆಸರು' ಎಂಬ ಸಾಲಿನದೂ ಅದೇ ಪಾಡು. ಹತ್ತಿ, ಬಂಗಾರದ ವ್ಯಾಪಾರದ ಊರು, ಹೇಳಿಕೊಂಡರೆ ಯಾರಿಗೇನು ನಷ್ಟ? ಇವರು ಚೀಟಿ ಕಟ್ಟಿದರು. ಕಾಲೇಜು ಹುಡುಗನೊಬ್ಬ ಪೇಪರಿನ ತುಣುಕು ತಂದು ಉಲ್ಲೇಖ ಕೊಟ್ಟ. ಇವರು ಪುಟದ ಇತಿಹಾಸ ತೆಗೆದು ತಾರೀಖು ಹೊಂದಿಸಿದರು: ವಿಕಿಪೀಡಿಯದ ಸಾಲು ಮೊದಲು, ಪೇಪರು ಆಮೇಲೆ. ವಿಕಿಪೀಡಿಯದಲ್ಲಿದ್ದ ಕಾಗುಣಿತದ ತಪ್ಪು ಕೂಡ ಪೇಪರಿಗೆ ಸುಖವಾಗಿ ಬಂದು ತಲುಪಿತ್ತು. ಸಾಲು ಹೋಯಿತು. ಊರ ಹಿರಿಯರು ಎರಡು ದಿನ ಇವರಿಗೆ ಚಹಾ ಹೇಳಲಿಲ್ಲ. ಬಿಜಾಪುರದ ಸುಲ್ತಾನರ ಕಡೆಯ ಸಿದ್ದಿ ಮಸೂದ್ ಖಾನ್ ಜಾಮಿಯಾ ಮಸೀದಿ ಕಟ್ಟಿಸಿದ ಎಂಬ ಸಾಲಿಗೆ ಮಾತ್ರ ಇವರೇ ರಾತ್ರಿಯೆಲ್ಲ ಕೂತು, ಸ್ಕ್ಯಾನ್ ಮಾಡಿದ ಗೆಜೆಟಿಯರ್ ಓದಿ, ಪುಟ ಸಮೇತ ಆಧಾರ ಹಾಕಿದರು. ಅದಕ್ಕೂ ಯಾರೂ ಚಹಾ ಹೇಳಲಿಲ್ಲ.

ಮೊನ್ನೆ ಓಣಿಯ ಹನುಮಪ್ಪನ ಗುಡಿ ಜೀರ್ಣೋದ್ಧಾರವಾಯಿತು. ಓದಿದವರು ಅಂತ ಸ್ಮರಣ ಸಂಚಿಕೆಗೆ ಊರಿನ ಇತಿಹಾಸ ಬರೆಯುವ ಕೆಲಸ ಇವರ ಪಾಲಿಗೆ ಬಂತು. ಮೂರು ಸಾಲು ಬರೆದು, ಕೆಳಗೆ ಒಂದು ಪುಟ ತುಂಬ ಅಡಿಟಿಪ್ಪಣಿ ಕೊಟ್ಟರು. ಇಷ್ಟು ಚಿಕ್ಕ ಇತಿಹಾಸಕ್ಕೆ ಅಷ್ಟು ಹೆಸರುಗಳು ಯಾಕೆಂದು ಪ್ರೆಸ್ಸಿನ ಹುಡುಗನಿಗೆ ತಿಳಿಯಲಿಲ್ಲ. ತನಗೆ ತೋಚಿದ ಜಾಗಕ್ಕೆ ಸೇರಿಸಿದ. ಸಂಚಿಕೆ ಬಂತು. ದಾನಿಗಳ ಪಟ್ಟಿಯ ಕೊನೆಗೆ, ಹೂವಿನ ಅಂಚಿನೊಳಗೆ: 'ಶ್ರೀ ಜಾನ್ ಕೆಲ್ಸಾಲ್, ಬಳ್ಳಾರಿ – 1872. ಶ್ರೀ ಡಬ್ಲ್ಯೂ. ಫ್ರಾನ್ಸಿಸ್, ಬಳ್ಳಾರಿ – 1904.'

ಮರುದಿನ ಬೆಳಿಗ್ಗೆ ಗುಡಿಯ ಖಜಾಂಚಿ ಕಂಕುಳಲ್ಲಿ ಲೆಕ್ಕದ ಪುಸ್ತಕ ಇಟ್ಟುಕೊಂಡು ದಲಾಲಿ ಅಂಗಡಿಯ ಮೆಟ್ಟಿಲು ಹತ್ತಿದರು.

"ನಿನ್ನ ಬಳ್ಳಾರಿಯ ಇಬ್ಬರದೂ ಸೇರಿ 3,776 ರೂಪಾಯಿ ಆಗ್ತೈತೆ. ನನ್ನ ಪುಸ್ತಕದಾಗೆ ಜಮಾ ಇಲ್ಲ. ರಸೀದಿ ಎಲ್ಲೈತೆ, ತೋರಿಸಪ್ಪ."