ಸಕ್ಕರೆ ಯಾರಿಗೆ ಬೇಡ?

ಮೊನ್ನೆ ಸೋಮವಾರ ನಮ್ಮ ಆಫೀಸಿನಲ್ಲೊಂದು ಮೀಟಿಂಗ್ ನಡೆಯಿತು. ಹನ್ನೊಂದು ಗಂಟೆಗೆ ಎಂದಿದ್ದರು. ಹನ್ನೊಂದಕ್ಕೆ ಬಂದವನು ನಾನೊಬ್ಬನೇ. ಹಾಗಾಗಿ ಮಾಡಲು ಬೇರೆ ಕೆಲಸವಿಲ್ಲದವನು ಎಂಬ ಹೆಸರೂ ನನಗೇ ಬಂತು. ಹನ್ನೊಂದೂಕಾಲಕ್ಕೆ ಹನ್ನೊಂದು ಜನ ಸೇರಿದರು. ಪ್ರೊಜೆಕ್ಟರಿನ ವೈರು ಹುಡುಕಲು ಹತ್ತು ನಿಮಿಷ. ಮನೆಯಿಂದಲೇ ಸೇರಿಕೊಂಡ ಮ್ಯಾನೇಜರು ಐದು ನಿಮಿಷ ಬಹಳ ಭಾವಪೂರ್ಣವಾಗಿ ತುಟಿ ಆಡಿಸಿದರು. ‘ಸಾರ್, ಮ್ಯೂಟ್‌ನಲ್ಲಿದ್ದೀರಿ’ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಅಂದು ಒಬ್ಬರ ತಕರಾರೂ ಇಲ್ಲದೆ ಮುಗಿದ ಭಾಷಣ ಅದೊಂದೇ.

ವಿಷಯಗಳು ಎರಡಿದ್ದವು. ಮೊದಲನೆಯದು 40 ಲಕ್ಷ ರೂಪಾಯಿಯ ಹೊಸ ಸಾಫ್ಟ್‌ವೇರ್. ಅದು ಏನು ಮಾಡುತ್ತದೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಎರಡೇ ನಿಮಿಷದಲ್ಲಿ ಪಾಸಾಯಿತು. ಎರಡನೆಯದು, ಸೋರುತ್ತಿರುವ ಎಸಿಯ ಕೆಳಗೆ ಇಡಬೇಕಾದ ಬಕೆಟ್. ಬಕೆಟ್ಟಿನ ವಿಷಯದಲ್ಲಿ ಅನುಭವವಿಲ್ಲದವರು ಯಾರಿದ್ದಾರೆ ಹೇಳಿ! ಪ್ಲಾಸ್ಟಿಕ್ಕಿನದೋ ಸ್ಟೀಲಿನದೋ? ತುಂಬಿದರೆ ಚೆಲ್ಲುವವರು ಅಡ್ಮಿನ್‌ನವರೋ ಹೌಸ್‌ಕೀಪಿಂಗ್‌ನವರೋ? ಆ ನೀರನ್ನು ಗಿಡಕ್ಕೆ ಹಾಕಬಹುದೋ, ಯುಪಿಎಸ್ ಬ್ಯಾಟರಿಗೋ? ಮುಕ್ಕಾಲು ಗಂಟೆ ಹೋಯಿತು. ‘ಎಸಿಯನ್ನೇ ರಿಪೇರಿ ಮಾಡಿಸಬಹುದಲ್ವಾ ಸಾರ್?’ ಎಂದ ಹೊಸ ಹುಡುಗಿಯನ್ನು ಎಲ್ಲರೂ ಕನಿಕರದಿಂದ ನೋಡಿದರು. ‘ಅದನ್ನ ಆಫ್‌ಲೈನ್ ತಗೊಳ್ಳೋಣಮ್ಮ’ ಎಂದರು ಮ್ಯಾನೇಜರು. ಆಫ್‌ಲೈನ್ ಎಂಬುದು ಬೆಂಗಳೂರಿನ ಆಚೆ ಎಲ್ಲೋ ಇರುವ ಒಂದು ಊರು. ಅಲ್ಲಿಗೆ ಹೋದ ವಿಷಯ ಒಂದೂ ಈವರೆಗೆ ತಿರುಗಿ ಬಂದದ್ದಿಲ್ಲ.

ಇದು ನಮ್ಮ ಆಫೀಸಿನ ಆವಿಷ್ಕಾರ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ಬ್ರಿಟನ್ನಿನ ನಾರ್ತ್‌ಕೋಟ್ ಪಾರ್ಕಿನ್ಸನ್ 1957ರಷ್ಟು ಹಿಂದೆಯೇ ನಮ್ಮ ಮಾನ ಕಳೆದಿಟ್ಟಿದ್ದಾನೆ. ಅವನು ಕಲ್ಪಿಸಿದ ಸಮಿತಿ ಪರಮಾಣು ಸ್ಥಾವರವನ್ನು ಎರಡೂವರೆ ನಿಮಿಷದಲ್ಲಿ ಒಪ್ಪುತ್ತದೆ, ಸೈಕಲ್ ಶೆಡ್ಡಿಗೆ ಮುಕ್ಕಾಲು ಗಂಟೆ ಜಗಳವಾಡುತ್ತದೆ, ಸಭೆಗಳಲ್ಲಿ ಕುಡಿಯುವ ಕಾಫಿಯ ಖರ್ಚಿಗೆ ಒಂದೂಕಾಲು ಗಂಟೆ ಕೊಡುತ್ತದೆ. ಮೊತ್ತ ಇಳಿದಂತೆ ಮಾತು ಏರುತ್ತದೆ.

ಇದಕ್ಕೂ ಹಳೆಯ ಪಠ್ಯಪುಸ್ತಕ ಒಂದಿದೆ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, 1944ರಲ್ಲಿ, ಸಿಐಎಗಿಂತ ಮೊದಲಿದ್ದ ಅಮೆರಿಕದ ಗೂಢಚಾರ ಸಂಸ್ಥೆ ಓಎಸ್‌ಎಸ್ ಒಂದು ಗುಟ್ಟಿನ ಕೈಪಿಡಿ ತಂದಿತು. ಶತ್ರುವಿನ ಕೈಕೆಳಗಿರುವ ಜನಸಾಮಾನ್ಯರು ಅವನ ಕೆಲಸ ಕೆಡಿಸುವುದು ಹೇಗೆಂಬುದು ಅದರ ವಿಷಯ. ಯಂತ್ರ ಕೆಡಿಸುವ ಉಪಾಯಗಳ ಜೊತೆ ಕಚೇರಿ ಕೆಡಿಸುವ ಉಪಾಯಗಳೂ ಇದ್ದವು. ಎಲ್ಲವನ್ನೂ ಸಮಿತಿಗೆ ಒಪ್ಪಿಸಿ, ಸಮಿತಿಯಲ್ಲಿ ಐದಕ್ಕಿಂತ ಕಡಿಮೆ ಜನ ಬೇಡ. ಉದ್ದುದ್ದ ಭಾಷಣ ಮಾಡಿ. ನಡಾವಳಿಯ ಒಂದೊಂದು ಪದಕ್ಕೂ ಕೊಸರಾಡಿ. ಹೋದ ಸಲ ತೀರ್ಮಾನವಾದದ್ದನ್ನು ಮತ್ತೆ ಕೆದಕಿ. ತುರ್ತು ಕೆಲಸವಿದ್ದಾಗಲೇ ಸಭೆ ಕರೆಯಿರಿ. ಯುದ್ಧ ಮುಗಿಯಿತು, ಓಎಸ್‌ಎಸ್ ಮುಚ್ಚಿತು. ಕೈಪಿಡಿಯನ್ನು ಕಣ್ಣಲ್ಲೂ ನೋಡದ ನಮ್ಮವರು ಮಾತ್ರ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ, ಅದೂ ಸಂಬಳ ಕೊಡುವ ಧಣಿಯ ವಿರುದ್ಧವೇ.

2013ರ ಕಂಪನಿ ಕಾಯ್ದೆಯ ಪ್ರಕಾರ, ಸಾವಿರಾರು ಕೋಟಿಯ ಕಂಪನಿಯ ನಿರ್ದೇಶಕ ಮಂಡಳಿಯೂ ವರ್ಷಕ್ಕೆ 4 ಸಲ ಸೇರಿದರೆ ಸಾಕು, 7 ದಿನ ಮುಂಚೆ ನೋಟಿಸ್ ಕೊಡಬೇಕು. ನಾವು ದಿನಕ್ಕೆ ನಾಲ್ಕು ಸಲ ಸೇರುತ್ತೇವೆ, ನೋಟಿಸ್ ಏಳು ನಿಮಿಷದ್ದು. ನಮ್ಮ ಜವಾಬ್ದಾರಿ ಅವರದಕ್ಕಿಂತ ಎಷ್ಟು ದೊಡ್ಡದೆಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಹಾಗಂತ ನಮ್ಮವರು ದಡ್ಡರಲ್ಲ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತದೆ ಗಾದೆ. ಒಬ್ಬನ ಹುಲ್ಲುಕಡ್ಡಿಯನ್ನು ಹತ್ತು ಜನರ ತಲೆಗೆ ಹೊರಿಸುವ ವಿದ್ಯೆಯೇ ಮೀಟಿಂಗ್. ಒಬ್ಬ ನಿರ್ಧರಿಸಿ ಅದು ಕೆಟ್ಟರೆ ಅವನ ಕುತ್ತಿಗೆಗೆ ಬರುತ್ತದೆ. ಹನ್ನೊಂದು ಜನ ಕೂತು ನಿರ್ಧರಿಸಿದರೆ ತಪ್ಪು ಹನ್ನೊಂದು ಪಾಲಾಗಿ, ಒಬ್ಬೊಬ್ಬರಿಗೂ ಪ್ರಸಾದದಷ್ಟೇ ಸಿಗುತ್ತದೆ. ಬೆಕ್ಕಿಗೆ ಗಂಟೆ ಕಟ್ಟುವ ಇಲಿಗಳ ಠರಾವು ಏನೂ ತಪ್ಪಾಗಿರಲಿಲ್ಲ. ಅದು ಸರ್ವಾನುಮತದಿಂದಲೇ ಪಾಸಾಗಿತ್ತು. ಕಟ್ಟುವ ಇಲಿಯ ಹೆಸರು ಮತ್ತು ತಾರೀಖು, ಇವೆರಡನ್ನು ನಡಾವಳಿಯಲ್ಲಿ ಬರೆದಿರಲಿಲ್ಲ, ಅಷ್ಟೆ.

ಇದಕ್ಕೆ ಪರಿಹಾರವೆಂದು ನಮ್ಮವರೊಬ್ಬರನ್ನು ಸಭೆ ನಡೆಸುವ ತರಬೇತಿಗೆ ಕಳಿಸಿದರು. ಮೂರು ದಿನ ರೆಸಾರ್ಟಿನಲ್ಲಿದ್ದು, ಫೆಸಿಲಿಟೇಟರ್ ಎಂಬ ಬಿರುದು ಮತ್ತು ಬಣ್ಣಬಣ್ಣದ ಚೀಟಿಗಳೊಂದಿಗೆ ಮರಳಿದರು. ಈಗ ಸಭೆಗೆ ಮೊದಲು ಐಸ್ ಬ್ರೇಕರ್ ಇರುತ್ತದೆ. ‘ನೀವು ಹಣ್ಣಾಗಿದ್ದರೆ ಯಾವ ಹಣ್ಣಾಗಿರುತ್ತಿದ್ದಿರಿ?’ ನಿವೃತ್ತಿಗೆ ಎರಡು ವರ್ಷವಿರುವ ಅಕೌಂಟೆಂಟ್ ಸಾಹೇಬರು ಬಹಳ ಹೊತ್ತು ಯೋಚಿಸಿ, ‘ಹಲಸು’ ಎಂದರು. ಯಾಕೆ ಎಂದು ಕೇಳಿದರೆ, ‘ಕೈಗೆ ಅಂಟಿಕೊಂಡರೆ ಬಿಡುವುದಿಲ್ಲ, ಈ ಮೀಟಿಂಗಿನ ಹಾಗೆ’ ಎಂದರು. ಚೀಟಿಗಳು ಗೋಡೆಗೇರಿದವು. ಎಸಿಯ ಗಾಳಿಗೆ ಒಂದೊಂದಾಗಿ ಉದುರಿದವು.

ಹನ್ನೆರಡನೇ ಶತಮಾನದ ಕಲ್ಯಾಣದ ಅನುಭವ ಮಂಟಪದಲ್ಲಿ ಅಧ್ಯಕ್ಷಪೀಠಕ್ಕೆ ಶೂನ್ಯಸಿಂಹಾಸನ ಎಂಬ ಹೆಸರು. ಅಲ್ಲಿ ಕೂತಿದ್ದವರು ಅಲ್ಲಮಪ್ರಭು. ಬಟ್ಟೆ ಮಡಿ ಮಾಡುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ ಆ ಗೋಷ್ಠಿಯವರು. ಅಲ್ಲಮ ಅಕ್ಕಮಹಾದೇವಿಯನ್ನು ಒರೆಗೆ ಹಚ್ಚಿ ಪ್ರಶ್ನಿಸಿದ, ಉತ್ತರವನ್ನು ಪೂರ್ತಿ ಕೇಳಿಸಿಕೊಂಡ, ತಲೆಬಾಗಿದ ಎಂದು ಶೂನ್ಯಸಂಪಾದನೆಗಳು ಹೇಳುತ್ತವೆ. ಪೀಠದಲ್ಲಿ ಕೂತವನು ಕೇಳಬೇಕು, ಮಾತು ಉಳಿದವರಿಗೆ ಬಿಡಬೇಕು. ಸಭೆ ನಡೆಸುವ ವಿದ್ಯೆಯೆಂದರೆ ಇಷ್ಟೇ. ಅಲ್ಲಿ ಸಿಂಹಾಸನ ಶೂನ್ಯವಾಗಿತ್ತು, ಮಾತು ತುಂಬಿತ್ತು. ನಮ್ಮಲ್ಲಿ ಸಿಂಹಾಸನ ತುಂಬಿದೆ. ಬಾಸು ಮೊದಲು ತಮ್ಮ ಅಭಿಪ್ರಾಯ ಹೇಳಿ, ಆಮೇಲೆ ‘ಎಲ್ಲರೂ ಮುಕ್ತವಾಗಿ ಮಾತಾಡಿ’ ಎನ್ನುತ್ತಾರೆ. ನಾವು ಮುಕ್ತವಾಗಿ ತಲೆಯಾಡಿಸುತ್ತೇವೆ.

ಮತ್ತೆ ಸೋಮವಾರಕ್ಕೆ ಬರೋಣ. ಬಕೆಟ್ ಚರ್ಚೆ ಕಾವೇರಿದ್ದಾಗ ಬಾಗಿಲು ತಳ್ಳಿಕೊಂಡು ಟೀ ಅಣ್ಣ ಬಂದರು. ಅವರ ಬಳಿ ಸ್ಲೈಡ್ ಇರಲಿಲ್ಲ, ಚೀಟಿಯೂ ಇರಲಿಲ್ಲ. ‘ಸಕ್ಕರೆ ಯಾರಿಗೆ ಬೇಡ?’ ಎಂದರು. ಮೂರು ಕೈ ಎದ್ದವು. ‘ಕಾಫಿ ಎಷ್ಟು?’ ನಾಲ್ಕು. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಹೊಸ ಹುಡುಗಿಯತ್ತ ತಿರುಗಿ, ‘ನಿಂಗೇನಮ್ಮ?’ ಎಂದು ಕೇಳಿದರು. ಅಂದು ಅವಳ ಅಭಿಪ್ರಾಯ ಕೇಳಿದವರು ಅವರೊಬ್ಬರೇ. ಮ್ಯಾನೇಜರು ಸ್ಪೀಕರಿನಲ್ಲಿ ತಾವು ಸಕ್ಕರೆ ಬಿಟ್ಟ ಚರಿತ್ರೆ ಶುರುಮಾಡಿದರು. ಅಣ್ಣ, ‘ಸಾರ್, ನೀವು ಮನೇಲಿದ್ದೀರಿ’ ಎಂದು ಒಂದೇ ಮಾತಿಗೆ ಮುಗಿಸಿ ಹೊರಟರು. ಅರ್ಧ ನಿಮಿಷದ ಸಭೆ. ಪ್ರಶ್ನೆ ಸ್ಪಷ್ಟ, ಎಲ್ಲರಿಗೂ ಬಾಯಿ, ಸಂಬಂಧವಿಲ್ಲದವರಿಗೆ ಬಿಡುಗಡೆ, ಕೆಲಸ ಯಾರದೆಂಬ ಗೊಂದಲವಿಲ್ಲ. ಐದು ನಿಮಿಷದಲ್ಲಿ ಲೋಟಗಳು ಬಂದವು, ಒಂದೂ ಅದಲುಬದಲಾಗಲಿಲ್ಲ. ನೆಲ ಒದ್ದೆಯಾಗಿದ್ದನ್ನು ಕಂಡ ಅಣ್ಣ, ಹೊರಗಿನಿಂದ ಒಂದು ಹಳೆಯ ನೀಲಿ ಬಕೆಟ್ ತಂದು ಎಸಿಯ ಕೆಳಗಿಟ್ಟು ಹೋದರು. ಯಾರೂ ಗಮನಿಸಲಿಲ್ಲ. ಚರ್ಚೆ ಮುಂದುವರಿಯಿತು.

ಗುರುವಾರ ನಡಾವಳಿ ಬಂತು. ‘ಬಕೆಟ್ ಕುರಿತ ತೀರ್ಮಾನವನ್ನು ಮುಂದಿನ ಸಭೆಗೆ ಕಾಯ್ದಿರಿಸಲಾಗಿದೆ’ ಎಂದಿತ್ತು. ಅಷ್ಟರಲ್ಲಿ ಟೀ ಅಣ್ಣ ಆ ಬಕೆಟನ್ನು ಆರು ಸಲ ಖಾಲಿ ಮಾಡಿದ್ದರು.